ಹಂಚಿನ ಅಡಿಯಲ್ಲಿ 1865 ಅಂತ ಉಂಟು, ಹಾಗಾದ್ರೆ ನಮ್ಮ ಶಾಲೆಗೆ 160 ವರ್ಷವಾ?

ಎರಡನೇ ಬೆಂಚು:

ಎಲ್ಲರಿಗೂ ನಮಸ್ಕಾರ. ನಾನು ಉಡುಪಿ ಹತ್ತಿರದ ಒಂದು ಹಳೆ ಪೇಟೆಯ ಕನ್ನಡ ಶಾಲೆಯಲ್ಲಿ ಓದಿದವ. ಊರಿನ ಹೆಸರು ಸದ್ಯಕ್ಕೆ ಬೇಡ, ಹಳೆ ವಿದ್ಯಾರ್ಥಿ ಸಂಘದವರು ಇಲ್ಲೂ ಇದ್ದಾರೆ, ಓದಿದರೆ ನನಗೆ ಮುಂದಿನ ಮೀಟಿಂಗ್‌ನಲ್ಲಿ ಚಾ ಸಿಗುವುದಿಲ್ಲ.

ವಿಷಯ ಏನಂದ್ರೆ, ಕಳೆದ ಮಳೆಗಾಲದಲ್ಲಿ ಮಾವಿನ ಮರದ ಗೆಲ್ಲು ಬಿದ್ದು ಶಾಲೆಯ ಹಿಂಬದಿ ಮಾಡು, ಅಂದ್ರೆ ಛಾವಣಿ, ಒಂದು ಮೂಲೆಯಲ್ಲಿ ಮುರಿಯಿತು. ಒಡೆಯದೆ ಉಳಿದ ಹಂಚು ಇಳಿಸುವಾಗ ಒಂದರ ಅಡಿಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865 ಅಂತ ಅಚ್ಚು ಕಂಡಿತು. ಅಷ್ಟೇ ಸಾಕಾಯ್ತು. ಮರುದಿನವೇ ವಾಟ್ಸಾಪ್ ಗ್ರೂಪಿನಲ್ಲಿ ಹಂಚಿನ ಫೋಟೋ, ಅದರ ಕೆಳಗೆ ಅರುವತ್ತು ಮಂದಿಯ ಕೈಮುಗಿಯುವ ಚಿತ್ರ. ಈಗ ಸಂಘದವರು 160 ವರ್ಷದ ಸಂಭ್ರಮ ಮಾಡುವ ಅಂತ ಹೊರಟಿದ್ದಾರೆ. ಬ್ಯಾನರಿಗೆ ಆರ್ಡರ್ ಕೂಡ ಆಗಿದೆ. ನನಗೆ ಯಾಕೋ ಸಂಶಯ. ಶಾಲೆಯ ಶತಮಾನೋತ್ಸವ ಆದ ನೆನಪು ಯಾರಿಗೂ ಇಲ್ಲ, 160 ವರ್ಷ ಆಗಿದ್ದರೆ ನೂರು ಯಾವಾಗ ದಾಟಿತು ಮಾರಾಯ್ರೆ?

ಕಟ್ಟಡ ಹೇಗುಂಟು ಅಂತ ಹೇಳುತ್ತೇನೆ. ರಸ್ತೆಯಿಂದ ನಾಲ್ಕು ಮೆಟ್ಟಿಲು ಹತ್ತಬೇಕು. ಮುಂದೆ ಉದ್ದಕ್ಕೆ ಜಗಲಿ, ಜಗಲಿಗೆ ಮರದ ಕಂಬ. ಒಳಗೆ ಒಂದೇ ಒಂದು ಉದ್ದದ ಹಾಲ್, ಹೆಜ್ಜೆ ಹಾಕಿ ಅಳೆದದ್ದು, ಸುಮಾರು 60 ಅಡಿ ಉದ್ದ 20 ಅಡಿ ಅಗಲ ಇರಬಹುದು. ನಾವು ಓದುವಾಗ ಅದರೊಳಗೆ ನಾಲ್ಕು ಕ್ಲಾಸು, ನಡುವೆ ಮರದ ಚೌಕಟ್ಟಿಗೆ ಬಟ್ಟೆ ಹೊಡೆದ ಅಡ್ಡ ಪರದೆ. ಗೋಡೆ ಒಂದೂವರೆ ಅಡಿ ದಪ್ಪ, ಕಿಟಕಿಯ ಅಡಿಕಟ್ಟೆಯಲ್ಲಿ ನಾವು ಬುತ್ತಿ ಇಟ್ಟು ಮೇಲೆ ಕೂತರೂ ಜಾಗ ಉಳಿಯುತ್ತಿತ್ತು. ಕಿಟಕಿಗೆ ಮರದ ದಳಿ. ಹಾಲ್‌ನ ಎರಡೂ ತುದಿಯಲ್ಲಿ ಗೋಡೆ ಮೇಲೆ ಹೋಗಿ ತ್ರಿಕೋನ ಆಗುತ್ತದಲ್ಲ, ಅಲ್ಲಿ ದುಂಡಗಿನ ಒಂದು ಗಾಳಿ ಕಿಂಡಿ, ಅದರಲ್ಲಿ ಪಾರಿವಾಳ. ಎಡಕ್ಕೆ ಆಮೇಲೆ ಸೇರಿಸಿದ ಹಾಗೆ ಕಾಣುವ ಎರಡು ಕೋಣೆ, ಒಂದು ಆಫೀಸು, ಇನ್ನೊಂದು ಈಗ ಬಿಸಿಯೂಟದ ಅಕ್ಕಿ ಇಡುವುದಕ್ಕೆ.

ಕೇಳುವುದು ಮೂರು. 1865 ಸರಿಯಾ? ಅಲ್ಲದಿದ್ದರೆ ಕಟ್ಟಡದ ವಯಸ್ಸು ಕಂಡುಹಿಡಿಯುವುದು ಹೇಗೆ? ಮತ್ತೆ, ಸಂಘದಲ್ಲಿ ಅರ್ಧ ಜನ ಹಂಚು ತೆಗೆದು ಶೀಟ್ ಹಾಕುವ ಅಂತ, ಇನ್ನರ್ಧ ಜನ ಕೆಡವಿ ಆರ್‌ಸಿಸಿ ಮಾಡುವ ಅಂತ. ಈಗ ಇರುವುದನ್ನೇ ಇಟ್ಟುಕೊಳ್ಳುವ ಅಂತ ಹೇಳುವವ ನಾನೊಬ್ಬನೇ. ಹೇಳುವುದಕ್ಕೆ ಏನಾದರೂ ಆಧಾರ ಕೊಡಿ.

ಜೆಪ್ಪು ಕಡೆಯವ:

ಬ್ಯಾನರ್ ನಿಲ್ಲಿಸಿ, ಮೊದಲು ಅದು.

1865 ನಿಮ್ಮ ಶಾಲೆಯ ಇಸವಿ ಅಲ್ಲ, ಹಂಚು ಸುಟ್ಟ ಇಸವಿ ಕೂಡ ಅಲ್ಲ. ಅದು ಕಾರ್ಖಾನೆ ಶುರುವಾದ ವರ್ಷ. ಹೋಟೆಲ್ ಬೋರ್ಡಿನಲ್ಲಿ ಸ್ಥಾಪನೆ ಇಂತಿಷ್ಟು ಅಂತ ಬರೆಯುತ್ತಾರಲ್ಲ, ಹಾಗೆ. ಆ ಇಸವಿಯನ್ನು ಅಚ್ಚಿನಲ್ಲೇ ಕೊರೆದಿದ್ದರು, ಅಚ್ಚು ಇದ್ದಷ್ಟು ಕಾಲ ಬಂದ ಹಂಚಿಗೆಲ್ಲ ಅದೇ ಇಸವಿ. ನಮ್ಮ ಅಜ್ಜಿ ಮನೆಯ ಕೋಳಿಗೂಡಿನ ಮೇಲೂ 1865 ಉಂಟು. ಆ ಗೂಡು ಕಟ್ಟಿದ್ದು ನಾನು ಏಳನೇ ಕ್ಲಾಸಿನಲ್ಲಿರುವಾಗ, ಮಣ್ಣು ಹೊತ್ತದ್ದು ನಾನೇ.

ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಪ್ರೆಸ್ಸು, ನೇಯ್ಗೆ ಎಲ್ಲ ಶುರುಮಾಡಿ ಆಮೇಲೆ ಹಂಚಿಗೆ ಕೈಹಾಕಿದರು. ಜಾರ್ಜ್ ಪ್ಲೆಬ್ಸ್ಟ್ ಅನ್ನುವ ಜರ್ಮನ್ ನೇತ್ರಾವತಿ ದಡದ ಜೇಡಿಮಣ್ಣು ನೋಡಿ, ಇದರಲ್ಲಿ ಒಳ್ಳೆ ಹಂಚು ಬರುತ್ತದೆ ಅಂತ 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ. ಒಂದರ ಅಂಚು ಇನ್ನೊಂದರ ಮೇಲೆ ಕೂತು ಬೀಗ ಹಾಕಿದ ಹಾಗೆ ನಿಲ್ಲುವ ಈ ಮಾದರಿ ಅವನದ್ದಲ್ಲ, ಫ್ರಾನ್ಸಿನ ಗಿಲಾರ್ಡೋನಿ ಅಣ್ಣತಮ್ಮಂದಿರು 1841ರಲ್ಲೇ ಅದಕ್ಕೆ ಪೇಟೆಂಟ್ ಮಾಡಿಸಿದ್ದರು. ಆದರೆ ಹೆಸರು ಬಂದದ್ದು ಮಂಗಳೂರಿಗೆ. ಮಣ್ಣು ನದಿಯಲ್ಲಿ, ಕಟ್ಟಿಗೆ ಘಟ್ಟದ ಕಡೆಯಿಂದ ದೋಣಿಯಲ್ಲಿ, ಮಾಲು ಕಳಿಸಲಿಕ್ಕೆ ಬಂದರು ಪಕ್ಕದಲ್ಲೇ. ಮತ್ತೆಂತ ಬೇಕು? 1868ರಲ್ಲಿ ಆಲ್ಬುಕರ್ಕ್ ಮನೆತನದವರು ಹಾಕಿದರು, ಭಾರತದವರದ್ದೇ ಆದ ಮೊದಲ ಹಂಚಿನ ಕಾರ್ಖಾನೆ ಅದು. ಆಮೇಲೆ ಹೊಳೆ ಬದಿಯಲ್ಲಿ ಸಾಲು ಸಾಲು ಚಿಮಣಿ.

ನಿಮಗೆ ಉಪಯೋಗಕ್ಕೆ ಬರುವ ಒಂದು ಗುರುತು ಹೇಳುತ್ತೇನೆ. ಮೊದಲನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸರಕಾರ ಮಿಷನ್‌ನ ಕಾರ್ಖಾನೆಗಳನ್ನು ಶತ್ರು ಆಸ್ತಿ ಅಂತ ವಶಮಾಡಿಕೊಂಡಿತು. ಯುದ್ಧ ಮುಗಿದ ಮೇಲೆ 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಅಂತ ಕಂಪನಿ ಮಾಡಿ ಅದಕ್ಕೆ ಕೊಟ್ಟರು. ಆದ್ದರಿಂದ ಕಾಮನ್‌ವೆಲ್ತ್ ಹೆಸರಿನ ಹಂಚು ಕಂಡರೆ ಅದು ಖಂಡಿತ 1919ರ ನಂತರದ್ದು. ಒಂದೆರಡು ನೋಡಿ ತೀರ್ಮಾನ ಮಾಡಬೇಡಿ. ಹಂಚು ಬಾಡಿಗೆದಾರ ಇದ್ದ ಹಾಗೆ, ಇವತ್ತು ಈ ಮಾಡಿನಲ್ಲಿ, ನಾಳೆ ಇನ್ನೊಂದರಲ್ಲಿ. ಒಂದು ಕಡೆ ಐವತ್ತು ಹಂಚು ತಿರುಗಿಸಿ ನೋಡಿ, ಯಾವ ಹೆಸರು ಜಾಸ್ತಿ ಅಂತ ಲೆಕ್ಕ ಹಾಕಿ. ಹಾಲ್, ಜಗಲಿ, ಆ ಎರಡು ಕೋಣೆ, ಮೂರರದ್ದೂ ಬೇರೆ ಬೇರೆ ಲೆಕ್ಕ.

ಎರಡನೇ ಬೆಂಚು:

ಕೋಳಿಗೂಡು ಓದಿ ಮನೆಯವರೆಲ್ಲ ನಗುತ್ತಿದ್ದಾರೆ. ಬ್ಯಾನರ್ ಪ್ರಿಂಟಿಗೆ ಹೋಗಿಯಾಯ್ತು ಅಂತ ಈಗಷ್ಟೇ ಗೊತ್ತಾಯಿತು.

ನಿವೃತ್ತ ಮಾಷ್ಟ್ರು:

ನಾನು ಮಂಗಳೂರು, ಉಡುಪಿ, ಕಾರ್ಕಳ ಅಂತ ಐದು ಶಾಲೆಗಳಲ್ಲಿ ಪಾಠ ಮಾಡಿದವ, ಅದರಲ್ಲಿ ಮೂರು ಇಂಥದ್ದೇ ಕಟ್ಟಡಗಳು. ಒಂದು ಮಾತು ಮೊದಲೇ ಹೇಳುತ್ತೇನೆ. ಶಾಲೆಯ ವಯಸ್ಸು ಬೇರೆ, ಕಟ್ಟಡದ ವಯಸ್ಸು ಬೇರೆ. ಎರಡನ್ನೂ ಕಲಸಿದರೆ ಎರಡೂ ಸಿಗುವುದಿಲ್ಲ.

ನಮ್ಮ ಕಡೆ ಎಷ್ಟೋ ಶಾಲೆಗಳು ಶುರುವಾದದ್ದು ಯಾರದ್ದೋ ಮನೆಯ ಚಾವಡಿಯಲ್ಲಿ, ಇಲ್ಲವೇ ದೇವಸ್ಥಾನದ ಹೊರಗಿನ ಜಗಲಿಯಲ್ಲಿ. ಐಗಳು ಅಂತ ಒಬ್ಬರು, ಅವರ ಮುಂದೆ ಹೊಯಿಗೆ ಹರಡಿ ಬೆರಳಿನಲ್ಲಿ ಅಕ್ಷರ ತಿದ್ದುವ ಮಕ್ಕಳು. ಅದಕ್ಕೆ ಐಗಳ ಮಠ ಅಂತಲೇ ಹೆಸರು. ಆಮೇಲೆ ಮಳೆಗೆ ಮುಳಿಹುಲ್ಲಿನ ಒಂದು ಮಾಡು ಆಗುತ್ತಿತ್ತು, ಅದಕ್ಕೂ ಎಷ್ಟೋ ವರ್ಷದ ನಂತರ ಹಂಚು. ನಿಮ್ಮ ಶಾಲೆಯೂ ಇದೇ ದಾರಿಯಲ್ಲಿ ಬಂದಿದ್ದರೆ ಆಶ್ಚರ್ಯ ಇಲ್ಲ.

ಇನ್ನು ಯಾರು ಕಟ್ಟಿಸಿದ್ದು ಅನ್ನುವುದು. ನಮ್ಮ ಜಿಲ್ಲೆ 1956ರವರೆಗೆ ಮದ್ರಾಸಿಗೆ ಸೇರಿತ್ತು ಅನ್ನುವುದನ್ನು ಈಗಿನವರು ಮರೆಯುತ್ತಾರೆ. ಆದ್ದರಿಂದ ನಮ್ಮ ಹಳೆ ಶಾಲೆಗಳ ಕಾಗದಗಳ ಭಾಷೆಯೇ ಬೇರೆ. ಹೈಯರ್ ಎಲಿಮೆಂಟರಿ, ಅದನ್ನು ಮುಗಿಸುವಾಗಿನ ಇ.ಎಸ್.ಎಲ್.ಸಿ. ಪರೀಕ್ಷೆ, ಬೋರ್ಡ್ ಶಾಲೆ, ಎಲ್ಲ ಮದ್ರಾಸಿನ ಪದ್ಧತಿ. ಮಿಷನ್‌ನವರದ್ದು ಒಂದು ಸಾಲು, 1830ರ ದಶಕದಲ್ಲೇ ಮಂಗಳೂರಿನಲ್ಲಿ ಶಾಲೆ ಇಟ್ಟವರು ಅವರು. ಜೆಸುಯಿಟ್ ಪಾದ್ರಿಗಳ ಸಂತ ಅಲೋಶಿಯಸ್ 1880ರಲ್ಲಿ. ಊರಿನವರೇ ಸೇರಿ ಮಾಡಿದ್ದು ಇನ್ನೊಂದು ಸಾಲು. ಅಮ್ಮೆಂಬಳ ಸುಬ್ಬರಾವ್ ಪೈಗಳು 1891ರಲ್ಲಿ ಕೆನರಾ ಹೈಸ್ಕೂಲ್, 1894ರಲ್ಲಿ ಹೆಣ್ಣುಮಕ್ಕಳಿಗೆ ಬೇರೆ ಹೈಸ್ಕೂಲ್ ತೆರೆದರು, ಕೆನರಾ ಬ್ಯಾಂಕ್ ಕಟ್ಟಿದ್ದು ಅದಾಗಿ ಹನ್ನೆರಡು ವರ್ಷಕ್ಕೆ. ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗೆ ಅಂತ ಶಾಲೆ ಶುರುಮಾಡಿದರು. ಆಗ ಬೇರೆ ಶಾಲೆಗಳ ಜಗಲಿ ಹತ್ತಲಿಕ್ಕೂ ಆ ಮಕ್ಕಳಿಗೆ ಬಿಡುತ್ತಿರಲಿಲ್ಲ. ಹಳೆ ಶಾಲೆ ಅಂತ ನಾವು ಹೆಮ್ಮೆ ಪಡುವಾಗ ಇದೂ ನೆನಪಿರಲಿ, ಯಾವ ಮಕ್ಕಳು ಒಳಗೆ ಕೂತಿದ್ದರು, ಯಾರು ಹೊರಗೆ ಉಳಿದಿದ್ದರು ಅಂತ ಆ ರಿಜಿಸ್ಟರಿನಲ್ಲೇ ಗೊತ್ತಾಗುತ್ತದೆ. ಮೂರನೆಯದು ಆಗಿನ ಸ್ಥಳೀಯ ಆಡಳಿತ, ಅಂದ್ರೆ ತಾಲೂಕು ಬೋರ್ಡ್, ಜಿಲ್ಲಾ ಬೋರ್ಡ್‌ಗಳದ್ದು. ನಿಮ್ಮದು ಪೇಟೆಯ ಕನ್ನಡ ಶಾಲೆ ಅಂದಿರಿ, ಬೋರ್ಡಿನದ್ದೇ ಇರಬಹುದು. ತಾಲೂಕು ಬೋರ್ಡ್‌ಗಳು 1930ರ ದಶಕದಲ್ಲಿ ರದ್ದಾದವು, ಹಾಗಾಗಿ ಯಾವುದಾದರೂ ಕಾಗದದಲ್ಲಿ, ಗಂಟೆಯ ಮೇಲೆ, ಕಪಾಟಿನ ಮೇಲೆ ತಾಲೂಕು ಬೋರ್ಡ್ ಅಂತ ಇದ್ದರೆ ಅದಕ್ಕಿಂತ ಹಿಂದಿನದ್ದು.

ಎಲ್ಲಿ ಹುಡುಕುವುದು ಅಂದ್ರೆ, ಮೊದಲು ಆಫೀಸಿನ ಮರದ ಪೆಟ್ಟಿಗೆ. ಅಡ್ಮಿಷನ್ ರಿಜಿಸ್ಟರ್ ಯಾವ ಹೆಡ್‌ಮಾಷ್ಟ್ರೂ ಬಿಸಾಡುವುದಿಲ್ಲ, ಜನ್ಮದಿನಾಂಕಕ್ಕೆ ಜನ ಇವತ್ತಿಗೂ ಬರುತ್ತಾರೆ. ಇನ್‌ಸ್ಪೆಕ್ಟರುಗಳು ಬಂದಾಗ ಬರೆದು ಹೋದ ವಿಸಿಟ್ ಬುಕ್ ಸಿಕ್ಕಿದರೆ ನಿಮ್ಮ ಅದೃಷ್ಟ. ಮಾಡು ಸೋರುತ್ತಿದೆ, ಜಗಲಿ ಮಾಡಿಸಬೇಕು, ನೀರಿಗೆ ಬಾವಿ ಇಲ್ಲ ಅಂತೆಲ್ಲ ಅದರಲ್ಲಿ ಇರುತ್ತದೆ, ಕಟ್ಟಡದ ಜಾತಕವೇ ಅದು. ಜಾಗದ ಹಳೆ ಅಡಂಗಲ್, ಅಂದ್ರೆ ಭೂಮಿ ದಾಖಲೆ, ತೆಗೆಸಿ. ಮಿಷನ್ ಸಂಬಂಧ ಇದ್ದರೆ ಮಂಗಳೂರು ಬಲ್ಮಠದ ಕೆಟಿಸಿಯಲ್ಲಿ (ಕರ್ನಾಟಕ ಥಿಯಾಲಜಿಕಲ್ ಕಾಲೇಜು) ಆರ್ಕೈವ್ಸ್ ಉಂಟು. ಬಾಸೆಲ್‌ನಲ್ಲಿರುವ ಅವರ ಹಳೆ ಫೋಟೋಗಳು ಆನ್‌ಲೈನ್ ಸಿಗುತ್ತವೆ, ಹುಡುಕುತ್ತಾ ಕೂತರೆ ರಾತ್ರಿ ಕಳೆಯುತ್ತದೆ, ಎಚ್ಚರ.

ಆ ಅಡ್ಡ ಪರದೆ ಅಂದಿರಲ್ಲ, ಅದನ್ನು ಓದಿ ನನಗೆ ನಿದ್ದೆ ಬರಲಿಲ್ಲ. ನಾನು ಮೂರನೇ ಕ್ಲಾಸಿಗೆ ಭಾಗಾಕಾರ ಹೇಳುತ್ತಿದ್ದರೆ ಪರದೆಯ ಆಚೆಯಿಂದ ಎರಡನೇ ಕ್ಲಾಸಿನ ಮಗ್ಗಿ, ಈಚೆಯಿಂದ ನಾಲ್ಕನೆಯದರ ಪದ್ಯ. ಜಾಣ ಹುಡುಗರು ಮೂರನೆಯಲ್ಲಿರುವಾಗಲೇ ನಾಲ್ಕನೆಯದರ ಪದ್ಯ ಬಾಯಿಪಾಠ ಮಾಡಿಬಿಡುತ್ತಿದ್ದರು, ಸುಮ್ನೆ ಕೇಳಿ ಕೇಳಿ. ಇನ್‌ಸ್ಪೆಕ್ಷನ್ ದಿನ ಅಥವಾ ವಾರ್ಷಿಕೋತ್ಸವಕ್ಕೆ ಪರದೆ ಎಲ್ಲ ಗೋಡೆಗೆ ಸರಿಸಿದರೆ ಅದೇ ಸಭಾಭವನ. ಒಂದು ಹಾಲ್, ಒಂದು ಮಾಡು, ಬೇಕಾದ ಹಾಗೆ ಕ್ಲಾಸು. ಖರ್ಚು ಉಳಿಸಲಿಕ್ಕೆ ಮಾಡಿದ್ದೇ ಇರಲಿ, ಬುದ್ಧಿ ಮೆಚ್ಚಬೇಕು.

ಮುರಕಲ್ಲು:

ನಾನು ಹಳೆ ಮನೆ ರಿಪೇರಿ ಕೆಲಸ ಮಾಡಿಸುವವ. ರಿಜಿಸ್ಟರ್ ಎಲ್ಲ ಮಾಷ್ಟ್ರು ಹೇಳಿದ್ದಾರೆ, ನಾನು ಗೋಡೆ ಓದುವುದು ಹೇಳುತ್ತೇನೆ. ಗೋಡೆಗೆ ಸುಳ್ಳು ಹೇಳಲಿಕ್ಕೆ ಬರುವುದಿಲ್ಲ, ಬ್ಯಾನರಿಗೆ ಬರುತ್ತದೆ.

ಕೋಲು ಟಾರ್ಚು ಹಿಡಿದು ಸಂಜೆ ಹೊತ್ತು ಹೋಗಿ, ಅಡ್ಡ ಬೆಳಕಿನಲ್ಲಿ ಗೋಡೆಯ ಉಬ್ಬುತಗ್ಗು ಚೆನ್ನಾಗಿ ಕಾಣುತ್ತದೆ. ಸಾರಣೆ ಎದ್ದು ಬಂದ ಜಾಗ ಎಲ್ಲಾದರೂ ಇದ್ದೇ ಇರುತ್ತದೆ. ಅಲ್ಲಿ ಮುರಕಲ್ಲಿನ ಮುಖ ನೋಡಿ. ಓರೆಯಾಗಿ, ಗಿಡ್ಡ ಗಿಡ್ಡ ಏಟಿನ ಗುರುತು ಇದ್ದರೆ ಕೈಯಲ್ಲಿ ಕೆತ್ತಿದ ಕಲ್ಲು. ಒಂದೇ ಅಂತರದಲ್ಲಿ ಬಾಗಿದ ಗೆರೆ ಇದ್ದರೆ ಮೆಷಿನ್ ಗರಗಸದ್ದು, ಅದು ಇತ್ತೀಚಿನ ಕೆಲಸ. ಮುರಕಲ್ಲಿನ ಗುಣ ಗೊತ್ತಲ್ಲ, ಕೋರೆಯಲ್ಲಿರುವಾಗ ಮೆತ್ತಗೆ, ಕೊಡಲಿಯಲ್ಲಿ ಕೆತ್ತಬಹುದು, ಹೊರಗೆ ಗಾಳಿ ಬಿಸಿಲು ತಾಗಿದ ಹಾಗೆ ಗಟ್ಟಿಯಾಗುತ್ತಾ ಹೋಗುತ್ತದೆ. ಫ್ರಾನ್ಸಿಸ್ ಬುಕಾನನ್ ಅನ್ನುವ ಇಂಗ್ಲಿಷ್ ಕಂಪನಿಯ ಡಾಕ್ಟರು ಮಲಬಾರಿನಲ್ಲಿ ಇದನ್ನು ನೋಡಿ, 1807ರಲ್ಲಿ ಲ್ಯಾಟರೈಟ್ ಅಂತ ಹೆಸರಿಟ್ಟ. ಲ್ಯಾಟಿನ್‌ನಲ್ಲಿ ಲೇಟರ್ ಅಂದ್ರೆ ಇಟ್ಟಿಗೆ. ನಮ್ಮವರು ಜಂಬಿಟ್ಟಿಗೆ ಅಂತ ಮೊದಲೇ ಕರೆಯುತ್ತಿದ್ದರು, ಅವನಿಗೆ ಹೊಸತು ಅಷ್ಟೇ.

ಆಮೇಲೆ ಹಾಲ್‌ನ ಗೋಡೆಗೆ ಆ ಎರಡು ಕೋಣೆಯ ಗೋಡೆ ಕೂಡುವ ಜಾಗ. ಒಟ್ಟಿಗೆ ಕಟ್ಟಿದ್ದರೆ ಒಂದು ವರಸೆ ಬಿಟ್ಟು ಒಂದು ವರಸೆಯ ಕಲ್ಲು ಒಳಗೆ ಹೊಕ್ಕಿರುತ್ತದೆ, ಕೈಬೆರಳು ಹೆಣೆದ ಹಾಗೆ. ಮತ್ತೆ ಕಟ್ಟಿದ್ದಾದರೆ ಮೇಲಿನಿಂದ ಕೆಳಗಿನವರೆಗೆ ಒಂದೇ ನೇರ ಬಿರುಕು, ಸುಣ್ಣ ಬಳಿದರೂ ಪ್ರತಿ ಬೇಸಿಗೆಯಲ್ಲಿ ಮತ್ತೆ ಕಾಣುತ್ತದೆ. ಅದು ಬಿರುಕು ಅಂತ ಹೆದರಿ ಸಿಮೆಂಟ್ ತುಂಬಿಸುತ್ತಾರೆ, ಅಸಲಿಗೆ ಅದು ಎರಡು ಕಾಲದ ನಡುವಿನ ಗೆರೆ.

ಗಾರೆಯನ್ನು ಉಗುರಿನಲ್ಲಿ ಕೆರೆದು ನೋಡಿ. ಬೆಳ್ಳಗೆ ಪುಡಿಯಾಗಿ, ನಡುವೆ ಚಿಪ್ಪಿನ ಚೂರು ಕಂಡರೆ ಸುಣ್ಣ. ನಮ್ಮ ಕಡೆ ಸುಣ್ಣದ ಕಲ್ಲು ಇಲ್ಲ, ಹೊಳೆ ಬಾಯಿಯ ಮರುವಾಯಿ ಚಿಪ್ಪು ಸುಟ್ಟೇ ಸುಣ್ಣ. ಬೂದು ಬಣ್ಣ, ಉಗುರು ತಾಗದಷ್ಟು ಗಟ್ಟಿ ಇದ್ದರೆ ಸಿಮೆಂಟ್. ನಮ್ಮ ದೇಶದಲ್ಲಿ ಸಿಮೆಂಟ್ ಕಾರ್ಖಾನೆ ಸರಿಯಾಗಿ ನಡೆಯಲು ಶುರುವಾದದ್ದೇ 1914ರಲ್ಲಿ ಪೋರಬಂದರಿನಲ್ಲಿ, ಅದು ನಮ್ಮ ಪೇಟೆಗಳಿಗೆ ಬರಲಿಕ್ಕೆ ಇನ್ನಷ್ಟು ಕಾಲ. ಹಾಗಾಗಿ ಕೆಂಪು ಸಿಮೆಂಟಿನ ನೆಲ ಇದ್ದರೆ ಅದು ಹಳೆಯದ್ದರ ಮೇಲೆ ಹಾಕಿದ ಹೊಸತು.

ಕೊನೆಗೆ ಆ ತ್ರಿಕೋನದ ಗೋಡೆ. ಒಳಗಿನಿಂದ ನೋಡಿ, ಈಗಿನ ಮಾಡಿನ ಇಳಿಜಾರಿಗಿಂತ ಕಡಿದಾದ ಇನ್ನೊಂದು ಗೆರೆ ಗೋಡೆಯಲ್ಲಿ ಕಾಣುತ್ತದಾ ಅಂತ. ಹುಲ್ಲಿನ ಮಾಡಿಗೆ ಇಳಿಜಾರು ಜಾಸ್ತಿ ಬೇಕು, ಇಲ್ಲದಿದ್ದರೆ ನೀರು ಒಳಗೆ ಇಳಿದು ಕೊಳೆಯುತ್ತದೆ. ಹಂಚಿಗೆ ಅಷ್ಟು ಬೇಡ. ಆ ಗೆರೆ ಇದ್ದರೆ ನಿಮ್ಮ ಗೋಡೆ ಹಂಚಿಗಿಂತ ಹಿರಿಯ ಅಂತ ಅರ್ಥ.

ಈಗ ಉಳಿಸುವ ವಿಷಯ. ನೀವು ಹೇಳಿದ ಅಳತೆಗೆ ಎರಡು ಸಾವಿರಕ್ಕೂ ಜಾಸ್ತಿ ಹಂಚು ಕೂತಿದೆ, ಒಂದಕ್ಕೆ ಎರಡೂವರೆ ಕಿಲೋ ಹಿಡಿದರೂ ಐದು ಟನ್. ಮಳೆಯಲ್ಲಿ ನೆನೆದರೆ ಇನ್ನೂ ಮೇಲೆ. ಅದನ್ನು ಹೊರುವುದು ಪಕ್ಕಾಸು, ಮಾಡಿನ ಇಳಿಜಾರಿಗೆ ಇಟ್ಟ ಮರದ ತೊಲೆ. ಹಂಚು ಹಾಳಾದ ಮಾಡು ನಾನು ನೋಡಿದ್ದು ಕಡಿಮೆ, ಪಕ್ಕಾಸಿನ ಕೊನೆ ಕೊಳೆತ ಮಾಡು ಎಲ್ಲ ಕಡೆ. ಪಕ್ಕಾಸು ಗೋಡೆಯ ಮೇಲೆ ಕೂರುವ ಜಾಗದಲ್ಲಿ ಸಪೂರ ಚೂರಿಯಿಂದ ಚುಚ್ಚಿ ನೋಡಿ. ಚೂರಿ ಒಳಗೆ ಹೋದರೆ ಬದಲಾಯಿಸಬೇಕು, ಹೋಗದಿದ್ದರೆ ಮುಟ್ಟಬೇಡಿ. ಆ ಕಾಲದಲ್ಲಿ ಹಾಕಿದ ಕಿರಾಲ್‌ಬೋಗಿ, ಹೆಬ್ಬಲಸಿನಂಥ ಮರ ಈಗ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಹಂಚು ಕೂರುವ ಅಡ್ಡಪಟ್ಟಿ ರೀಪು ಮಾತ್ರ ಎಲ್ಲ ಬದಲಾಯಿಸಿ, ಅದು ಸಣ್ಣ ಖರ್ಚು. ಗೋಡೆಗೆ ಸಿಮೆಂಟ್ ಸಾರಣೆ ಮಾಡಿಸಬೇಡಿ, ಕೈಮುಗಿದು ಕೇಳುತ್ತೇನೆ. ಮುರಕಲ್ಲು ನೀರು ಕುಡಿಯುತ್ತದೆ, ಕುಡಿದದ್ದು ಹೊರಗೆ ಹೋಗಬೇಕು. ಸುಣ್ಣ ಆದರೆ ಬಿಡುತ್ತದೆ, ಸಿಮೆಂಟ್ ಬಾಯಿ ಮುಚ್ಚುತ್ತದೆ. ಮೂರು ಮಳೆಗಾಲದಲ್ಲಿ ಹಪ್ಪಳದ ಹಾಗೆ ಎದ್ದು ಬರುತ್ತದೆ.

ಮೂರನೇ ಕ್ಲಾಸಿನ ಅಪ್ಪ:

ಎಲ್ಲ ಓದಿದೆ. ಚೆನ್ನಾಗಿದೆ. ಆದರೆ ಹೇಳುವವರ ಮಕ್ಕಳು ಎಲ್ಲಿ ಓದುತ್ತಿದ್ದಾರೆ ಅಂತ ಒಂದು ಸಲ ಹೇಳಿ.

ನನ್ನ ಮಗಳು ಇಂಥದ್ದೇ ಒಂದು ಸರಕಾರಿ ಶಾಲೆಯಲ್ಲಿ, ನಾನು ಶಾಲೆಯ ಉಸ್ತುವಾರಿ ಸಮಿತಿ ಎಸ್‌ಡಿಎಂಸಿಯಲ್ಲಿ ಇದ್ದೇನೆ. ಜೂನ್ ಬಂತು ಅಂದ್ರೆ ನನಗೆ ಹೆದರಿಕೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಹೊಡೆಯುವ ಊರು ನಮ್ಮದು, ಬೆಂಗಳೂರಿನಲ್ಲಿ ಕೂತು ಹಂಚು ಚೆಂದ ಅನ್ನುವವರಿಗೆ ಅದರ ಅರ್ಥ ಆಗುವುದಿಲ್ಲ. ಮಂಗಗಳು ಒಂದು ಮಧ್ಯಾಹ್ನ ಬಂದು ಹೋದರೆ ಮೂವತ್ತು ಹಂಚು ಸರಿದಿರುತ್ತದೆ. ಮೊದಲು ಮೇ ತಿಂಗಳಿನಲ್ಲಿ ಮಾಡು ಹತ್ತಿ ಹಂಚು ಕೈಯಾಡಿಸಲಿಕ್ಕೆ ಊರಿನಲ್ಲೇ ಇಬ್ಬರು ಇದ್ದರು. ಒಬ್ಬರು ತೀರಿಹೋದರು, ಇನ್ನೊಬ್ಬರಿಗೆ ಮಂಡಿ ನೋವು. ಹೊಸಬರು ಹತ್ತಿದರೆ ಸರಿಮಾಡಿದ್ದಕ್ಕಿಂತ ಕಾಲಡಿಯಲ್ಲಿ ಒಡೆದದ್ದು ಜಾಸ್ತಿ. ಕಳೆದ ವರ್ಷ ನಾವು ರಿಪೇರಿಗೆ ಅಂತ ಅರ್ಜಿ ಹಿಡಿದು ಒಂದು ಆಫೀಸಿಗೆ ಆರು ಸಲ ಹೋದೆವು. ಹೊಸ ಕಟ್ಟಡಕ್ಕೆ ಹಣ ಉಂಟು, ರಿಪೇರಿಗೆ ಇಲ್ಲ ಅಂತ ಉತ್ತರ. ಹಾಗಿರುವಾಗ ಜನ ಕೆಡವುವ ಅನ್ನದೆ ಇನ್ನೇನು ಅನ್ನಬೇಕು?

ಶೀಟ್ ಹಾಕಿದರೆ ಹತ್ತು ವರ್ಷ ತಲೆಬಿಸಿ ಇಲ್ಲ. ಹಳೆಯದ್ದರ ಮೇಲೆ ಪ್ರೀತಿ ನನಗೂ ಉಂಟು, ಆದರೆ ಅದರ ಅಡಿಯಲ್ಲಿ ನನ್ನ ಮಗು ಕೂತಿರುತ್ತದೆ.

ಮುರಕಲ್ಲು:

ಅಪ್ಪನವರೇ, ನಿಮ್ಮ ಮಾತು ತಪ್ಪು ಅಂತ ಹೇಳಲಿಕ್ಕೆ ನನ್ನಿಂದ ಆಗುವುದಿಲ್ಲ. ಚೂರಿ ಒಳಗೆ ಹೋಗುವ ಪಕ್ಕಾಸಿನ ಅಡಿಯಲ್ಲಿ ಒಂದು ದಿನವೂ ಮಕ್ಕಳನ್ನು ಕೂರಿಸಬಾರದು, ಇದರಲ್ಲಿ ಚರ್ಚೆ ಇಲ್ಲ.

ಆದರೆ ಶೀಟ್ ಹಾಕಿದ ಶಾಲೆಗೆ ಜುಲೈಯಲ್ಲಿ ಒಮ್ಮೆ ಹೋಗಿ ನೋಡಿ. ಜೋರು ಮಳೆ ಬಂದರೆ ಟೀಚರ್ ಪಾಠ ನಿಲ್ಲಿಸಿ ಸುಮ್ನೆ ಕೂರುತ್ತಾರೆ, ಏನು ಹೇಳಿದರೂ ಕೇಳುವುದಿಲ್ಲ. ಮಾರ್ಚಿನಲ್ಲಿ ಅದೇ ಶೀಟ್ ರೊಟ್ಟಿ ಕಾವಲಿ. ಹಂಚಿನ ಸಂದಿಯಲ್ಲಿ ಬಿಸಿ ಗಾಳಿ ಮೇಲೆ ಹೋಗುತ್ತದೆ, ಆ ದುಂಡು ಕಿಂಡಿ ಇಟ್ಟದ್ದೂ ಅದಕ್ಕೇ, ಪಾರಿವಾಳಕ್ಕೆ ಅಲ್ಲ.

ಮಂಗನ ಕಾಟಕ್ಕೆ ನಾವು ಎರಡು ಕಡೆ ಒಂದು ಉಪಾಯ ಮಾಡಿದ್ದೇವೆ. ಹಂಚಿನ ಮಾಡಿನ ಅಡಿಯಲ್ಲಿ, ಪಕ್ಕಾಸಿನ ಮೇಲೆ ತೆಳು ಶೀಟ್ ಹಾಸಿ ಅದರ ಮೇಲೆ ರೀಪು ಹೊಡೆದು ಹಂಚು ಹಾಕಿದ್ದು. ಹಂಚು ಸರಿದರೂ ನೀರು ಕೆಳಗೆ ಬರುವುದಿಲ್ಲ, ಮಕ್ಕಳ ತಲೆಮೇಲೆ ಬೀಳುವುದಿಲ್ಲ, ಶಬ್ದವೂ ಹಂಚಿನಲ್ಲೇ ಸತ್ತುಹೋಗುತ್ತದೆ. ಗಾಳಿ ಸ್ವಲ್ಪ ಕಡಿಮೆ, ಒಪ್ಪುತ್ತೇನೆ. ಖರ್ಚು ಬರೀ ಶೀಟಿಗಿಂತ ಜಾಸ್ತಿ, ಹೊಸ ಕಟ್ಟಡಕ್ಕಿಂತ ತುಂಬಾ ಕಡಿಮೆ.

ಮೂರನೇ ಕ್ಲಾಸಿನ ಅಪ್ಪ:

ಈ ಅಡಿ ಶೀಟಿನ ವಿಷಯ ನನಗೆ ಗೊತ್ತಿರಲಿಲ್ಲ. ಮಾಡಿದ ಜಾಗ ನೋಡಬಹುದಾ? ಇನ್‌ಬಾಕ್ಸ್ ಮಾಡಿ.

ಬಂದರು ಬದಿ:

ಮಧ್ಯೆ ಬಾಯಿ ಹಾಕುತ್ತೇನೆ. ಜಗಲಿ ಬಗ್ಗೆ ಯಾರೂ ಹೇಳಲಿಲ್ಲ. ನನಗೆ ಈ ಶಾಲೆಗಳಲ್ಲಿ ಇಷ್ಟವಾಗುವುದು ಅದೇ. ಅಲೋಶಿಯಸ್‌ನ ಆ ದೊಡ್ಡ ಕಟ್ಟಡ ನೋಡಿ, ಯುರೋಪಿನ ಪಾದ್ರಿಗಳು ಮಾಡಿಸಿದ್ದು, ಚಾಪೆಲ್‌ನ ಗೋಡೆ ತುಂಬ ಇಟಲಿಯಿಂದ ಬಂದ ಮೊಸ್ಕೇನಿ 1899ರಿಂದ ಎರಡು ವರ್ಷ ಕೂತು ಬರೆದ ಚಿತ್ರ. ಆದರೆ ಅಲ್ಲೂ ಕಮಾನಿನ ಸಾಲು, ಅದರ ಹಿಂದೆ ನೆರಳಿನ ಓಣಿ. ನಿಮ್ಮ ಪೇಟೆ ಶಾಲೆಯಲ್ಲಿ ಅದೇ ಕೆಲಸವನ್ನು ಮರದ ಕಂಬದ ಜಗಲಿ ಮಾಡುತ್ತದೆ. ಕಟ್ಟಿದ ಆಚಾರಿ ಮನೆಗಳ ಚಾವಡಿ ಮಾಡಿ ಕೈ ಪಳಗಿದವ, ಶಾಲೆ ಕಟ್ಟು ಅಂದಾಗ ಅವನು ದೊಡ್ಡದೊಂದು ಮನೆಯನ್ನೇ ಕಟ್ಟಿದ. ಒಳಗೆ ಅಡುಗೆ ಕೋಣೆ ಬದಲು ಕರಿಹಲಗೆ, ಅಷ್ಟೇ ವ್ಯತ್ಯಾಸ. ಮಳೆ ಗೋಡೆಗೆ ನೇರ ಹೊಡೆಯದ ಹಾಗೆ, ಕೊಡೆ ಮಡಚಲಿಕ್ಕೆ, ತಡವಾಗಿ ಬಂದವನು ನಿಲ್ಲಲಿಕ್ಕೆ, ಎಲ್ಲದಕ್ಕೂ ಜಗಲಿ. ಹೊಸ ಆರ್‌ಸಿಸಿ ಶಾಲೆಗಳಲ್ಲಿ ಕೊಡೆ ಇಡಲಿಕ್ಕೆ ಜಾಗ ಇಲ್ಲದೆ ಕ್ಲಾಸೆಲ್ಲ ಕೆಸರು.

ಎರಡನೇ ಬೆಂಚು, ಕಂಬದ ಬುಡ ನೋಡಿ. ಕಂಬ ನೆಲಕ್ಕೆ ನೇರ ತಾಗುತ್ತದಾ, ಕಲ್ಲಿನ ಮೇಲೆ ನಿಂತಿದೆಯಾ?

ಎರಡನೇ ಬೆಂಚು:

ತಡವಾಯಿತು, ಕ್ಷಮಿಸಿ. ಎರಡು ಭಾನುವಾರ ಶಾಲೆಯಲ್ಲೇ ಕಳೆದೆ. ಮಾಷ್ಟ್ರು ಹೇಳಿದ ಹಾಗೆ ಹೆಡ್ ಟೀಚರ್ ಹತ್ತಿರ ಕೇಳಿದೆ, ಅವರು ಪಾಪ ಭಾನುವಾರ ಬೀಗ ತೆಗೆದು ಕೊಟ್ಟರು, ಚಾ ಕೂಡ ಕೊಟ್ಟರು.

ಅಡ್ಮಿಷನ್ ರಿಜಿಸ್ಟರ್ ಸಿಕ್ಕಿತು. ಮೊದಲ ಪುಟಗಳನ್ನು ಗೆದ್ದಲು ತಿಂದಿದೆ. ಓದಲಿಕ್ಕೆ ಆಗುವ ಮೊದಲ ಸಾಲು 1920ರ ದಶಕದ್ದು, ಆದರೆ ಅದರ ಕ್ರಮಸಂಖ್ಯೆ 214. ಅಂದ್ರೆ ಅದಕ್ಕಿಂತ ಮೊದಲು 213 ಮಕ್ಕಳು ಸೇರಿದ್ದಾರೆ, ಅವರು ಯಾರು ಅಂತ ಗೆದ್ದಲಿಗೆ ಮಾತ್ರ ಗೊತ್ತು. ಪೋಷಕರ ಕಸುಬು ಅಂತ ಒಂದು ಕಲಂ ಉಂಟು. ವ್ಯಾಪಾರ, ಅರ್ಚಕ, ಬೇಸಾಯ, ವ್ಯಾಪಾರ, ಶ್ಯಾನುಭೋಗ, ವ್ಯಾಪಾರ. ಎಷ್ಟೋ ಪುಟ ಹೀಗೆಯೇ. ಕೂಲಿ ಅನ್ನುವ ಶಬ್ದ ಬರಲಿಕ್ಕೆ ತುಂಬಾ ಪುಟ ತಿರುಗಿಸಬೇಕಾಯಿತು. ಹುಡುಗಿಯರ ಹೆಸರು ಕೂಡ ಹಾಗೆ. ಮಾಷ್ಟ್ರು ಹೇಳಿದ್ದು ಆಗ ಸರಿಯಾಗಿ ತಾಗಿತು.

ಹಂಚಿನ ಲೆಕ್ಕ ಹಾಕಿದೆ. ಹಾಲ್‌ನಲ್ಲಿ ತಿರುಗಿಸಿದ 50ರಲ್ಲಿ 31 ಬಾಸೆಲ್ ಮಿಷನ್, ಉಳಿದದ್ದು ನಾಲ್ಕು ಬೇರೆ ಬೇರೆ ಹೆಸರು. ಜಗಲಿಯಲ್ಲಿ ಮುಕ್ಕಾಲು ಪಾಲು ಕಾಮನ್‌ವೆಲ್ತ್. ಎರಡು ಕೋಣೆಯಲ್ಲಿ ಎಲ್ಲ ಮಿಶ್ರ, ಕೆಲವಕ್ಕೆ ಹೆಸರೇ ಇಲ್ಲ. ಹಾಲ್‌ಗೂ ಕೋಣೆಗೂ ನಡುವೆ ಮುರಕಲ್ಲು ಅವರು ಹೇಳಿದ ಅದೇ ನೇರ ಗೆರೆ, ಯಾರೋ ಅದಕ್ಕೆ ಮೂರು ಸಲ ಸಿಮೆಂಟ್ ತುಂಬಿಸಿದ್ದಾರೆ. ಜಗಲಿಯ ಕಂಬ ಕಪ್ಪು ಕಲ್ಲಿನ ಮೇಲೆ ನಿಂತಿದೆ, ಬುಡ ಒಂದೂ ಕೊಳೆತಿಲ್ಲ.

ಎಲ್ಲಕ್ಕಿಂತ ದೊಡ್ಡದು ಇನ್ನು ಹೇಳುತ್ತೇನೆ. ತ್ರಿಕೋನದ ಗೋಡೆಗೆ ಟಾರ್ಚು ಬಿಟ್ಟೆ. ಮೊದಲು ಏನೂ ಕಾಣಲಿಲ್ಲ. ಟೀಚರ್ ಮಗ, ಐದನೇ ಕ್ಲಾಸಿನ ಹುಡುಗ, ಅಂಕಲ್ ಪಾರಿವಾಳದ ಗೂಡಿನ ಮೇಲೆ ನೋಡಿ ಅಂದ. ಇದೆ. ಕಡಿದಾದ ಇನ್ನೊಂದು ಗೆರೆ, ಅದರ ಒಳಗಿನ ಗೋಡೆ ಹೊಗೆ ಹಿಡಿದ ಹಾಗೆ ಕಪ್ಪು, ಹೊರಗಿನದ್ದು ತಿಳಿ. ನಮ್ಮ ಶಾಲೆ ಒಂದು ಕಾಲದಲ್ಲಿ ಹುಲ್ಲಿನ ಮಾಡಿನದ್ದು! ನಾನು ಆ ಹಾಲ್‌ನಲ್ಲಿ ನಾಲ್ಕು ವರ್ಷ ಕೂತಿದ್ದೆ, ದಿನಾ ಮೇಲೆ ನೋಡುತ್ತಿದ್ದೆ, ಪಾಠ ಕೇಳಿದ್ದಕ್ಕಿಂತ ಪಾರಿವಾಳ ನೋಡಿದ್ದೇ ಜಾಸ್ತಿ, ಆದರೂ ಕಂಡಿರಲಿಲ್ಲ.

ಹಾಗಾಗಿ ನನ್ನ ಲೆಕ್ಕ ಹೀಗೆ. ಮೊದಲು ಹಾಲ್‌ನ ಗೋಡೆ ಮತ್ತು ಹುಲ್ಲಿನ ಮಾಡು. ಆಮೇಲೆ ಹಾಲ್‌ಗೆ ಹಂಚು. 1919ರ ನಂತರ ಯಾವಾಗಲೋ ಜಗಲಿಗೆ ಮಾಡು. ಕೊನೆಗೆ ಕೋಣೆಗಳು. ತಪ್ಪಿದ್ದರೆ ತಿದ್ದಿ.

ಜೆಪ್ಪು ಕಡೆಯವ:

31 ಒಳ್ಳೆ ಸಂಖ್ಯೆ. ಆದರೆ ಜಗಲಿಯಲ್ಲಿ ಕಾಮನ್‌ವೆಲ್ತ್ ಇದೆ ಅಂತ ಜಗಲಿಯೇ 1919ರ ನಂತರದ್ದು ಅಂತ ಖಡಾಖಂಡಿತ ಹೇಳಲಿಕ್ಕೆ ಬರುವುದಿಲ್ಲ, ಹಂಚು ಮಾತ್ರ ಹೊಸದಾಗಿ ಹಾಕಿರಬಹುದು. ಕಂಬದ ಕಲ್ಲು ಮತ್ತು ಹಾಲ್‌ನ ಪಂಚಾಂಗದ (ಅಡಿಪಾಯದ) ಕಲ್ಲು ಒಂದೇ ಥರ ಉಂಟಾ ನೋಡಿ. ಬ್ಯಾನರ್ ಏನಾಯ್ತು?

ಎರಡನೇ ಬೆಂಚು:

ಬ್ಯಾನರ್ ಬಂದಿದೆ. 160ರ ಮೇಲೆ ಬಿಳಿ ಕಾಗದ ಅಂಟಿಸಿ ಶಾಲಾ ಸಂಭ್ರಮ ಅಂತ ಬರೆದಿದ್ದೇವೆ, ಬಿಸಿಲಿಗೆ ಹಿಡಿದರೆ 160 ಇನ್ನೂ ಕಾಣುತ್ತದೆ. ಸಂಘದ ಅಧ್ಯಕ್ಷರು ನನ್ನ ಜೊತೆ ಮಾತು ಬಿಟ್ಟಿದ್ದರು. ಗೋಡೆಯ ಗೆರೆ ತೋರಿಸಿದ ಮೇಲೆ ಅವರೇ ಏಣಿ ಹಿಡಿದು ನಿಂತು ಬಂದವರಿಗೆಲ್ಲ ತೋರಿಸುತ್ತಿದ್ದಾರೆ, ಕಂಡುಹಿಡಿದದ್ದು ಅವರೇ ಅನ್ನುವ ಹಾಗೆ. ಇರಲಿ.

ಮುರಿದ ಮೂಲೆಗೆ ಸದ್ಯಕ್ಕೆ ಟಾರ್ಪಾಲು ಹಾಕಿದ್ದೇವೆ, ಆ ಭಾಗದಲ್ಲಿ ಮಕ್ಕಳನ್ನು ಕೂರಿಸುತ್ತಿಲ್ಲ. ಚೂರಿ ಪರೀಕ್ಷೆ ಮಾಡಿದ್ದಾಯ್ತು. ಒಟ್ಟು ಪಕ್ಕಾಸಿನಲ್ಲಿ ಮೂರು ಮಾತ್ರ ಹೋಗಿದೆ. ಅಡಿ ಶೀಟಿನ ಅಂದಾಜು ಪಟ್ಟಿ ಮುರಕಲ್ಲು ಅವರು ಕಳಿಸಿದ್ದಾರೆ, ಮುಂದಿನ ಮೀಟಿಂಗಿಗೆ ಇಡುತ್ತೇನೆ, ಮೂರನೇ ಕ್ಲಾಸಿನ ಅಪ್ಪನವರೂ ಬರುತ್ತೇನೆ ಅಂದಿದ್ದಾರೆ. ಶೀಟ್ ಪಕ್ಷದವರಲ್ಲಿ ಇಬ್ಬರು ಈಗ ಸುಮ್ನೆ ಇದ್ದಾರೆ, ಅದೇ ನನಗೆ ಗೆಲುವು.

ಈಗ ಬೇಕಾಗಿರುವುದು ಹದಿನಾಲ್ಕು ಅಡಿಯ ಮೂರು ಪಕ್ಕಾಸು, ಕಿರಾಲ್‌ಬೋಗಿ ಆದರೆ ಒಳ್ಳೆಯದು, ಹೆಬ್ಬಲಸು ಆದರೂ ಆಗಬಹುದು. ಉಡುಪಿ, ಕಾಪು, ಮೂಲ್ಕಿ ಆಸುಪಾಸಿನಲ್ಲಿ ಯಾರಾದರೂ ಹಳೆ ಮನೆ ಬಿಚ್ಚುತ್ತಿದ್ದರೆ ತಿಳಿಸಿ. ಸಾಗಿಸಲಿಕ್ಕೆ ಟೆಂಪೋ ನಮ್ಮದೇ ಉಂಟು.

ಬಂದರು ಬದಿ:

ಮೂಲ್ಕಿಯಲ್ಲಿ ನಮ್ಮ ದೊಡ್ಡಮ್ಮನ ಮನೆಯ ಹಟ್ಟಿ ಬಿಚ್ಚಲಿಕ್ಕೆ ಇದೆ, ಪಕ್ಕಾಸು ಯಾವ ಮರ ಅಂತ ನಾಳೆ ಕೇಳಿ ಹೇಳುತ್ತೇನೆ. ಹಂಚೂ ಉಂಟು, ಬೇಕಾ? ಅದರಲ್ಲಿ ಕೂಡ 1865 ಅಂತ ಬರೆದಿದೆ.